ಬಾಲ್ಕನಿಯಲ್ಲಿ ಆಸ್ಟ್ರೇಲಿಯಾ

ಮ್ಯಾನೇಜರ್ ಶರ್ಫುದ್ದೀನ್ ಊರಿಗೆ ಹೋಗುವಾಗ ದೇಜಪ್ಪನಿಗೆ ಒಪ್ಪಿಸಿದ್ದ ಹಕ್ಕಿ ಬಾಯಿಗೆ ಬೀಗ ಹಾಕಿಕೊಂಡಿತ್ತು. ಅಂಗಡಿಯವರು ಲವ್ ಬರ್ಡ್ ಎಂದು ಮಾರುವ ಹಸಿರು ಪುಟ್ಟ ಗಿಳಿ ಅದು. ಸಾಹೇಬರು ಬರುವುದು ಇವತ್ತು ಸಂಜೆಯೇ. ದೇಜಪ್ಪನ ರಜೆಗೆ ಸಹಿ ಹಾಕಬೇಕಾದವರೂ ಅವರೇ. ಹೆಂಡತಿ ವಾರಿಜಾಕ್ಷಿಯಂತೂ ಆಗಲೇ ಸೂಟ್‌ಕೇಸ್ ತುಂಬಿ, ಅದರ ಮೇಲೆ ಕುಳಿತು ಜಿಪ್ ಎಳೆದಿದ್ದಳು.

"ಹಕ್ಕಿ ಹೀಗೆ ಮುಖ ಊದಿಸಿಕೊಂಡ್ರೆ ನಮ್ಮ ರಜೆ ಖಲಾಸ್," ಎಂದಳು.

ದೇಜಪ್ಪ ಫೋನಿನಲ್ಲಿ ಹಕ್ಕಿಯ ಜಾತಕ ಹುಡುಕಿದ. ಆಸ್ಟ್ರೇಲಿಯಾದ ಹುಲ್ಲುಗಾವಲು ಇದರ ತವರು. ಸಾವಿರಗಟ್ಟಲೆ ಒಟ್ಟಿಗೆ ಹಾರುತ್ತವೆ, ಮಳೆ ಬಿದ್ದಲ್ಲಿಗೆ ಹುಲ್ಲಿನ ಬೀಜ ಹುಡುಕಿಕೊಂಡು ಹೋಗುತ್ತವೆ, ಮರದ ಪೊಟರೆಯಲ್ಲಿ ಮೊಟ್ಟೆ ಇಡುತ್ತವೆ. ಇಷ್ಟು ಓದಿದ್ದೇ ಅವನು ಕೊಲ್ಲಿ ನಾಡಿನ ವಾದಿ ಅದಾಯ್‌ನ ತನ್ನ ಮನೆಯ ಬಾಲ್ಕನಿಯಲ್ಲಿ ಆಸ್ಟ್ರೇಲಿಯಾ ಕಟ್ಟಲು ಹೊರಟ.

ಮೊದಲು ಹುಲ್ಲು. ಇಸ್ತ್ರಿ ಪ್ಯಾಂಟಿನಲ್ಲೇ ರಸ್ತೆಬದಿಯ ಹುಲ್ಲುಹಾಸಿನ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ತೆನೆ ಕೀಳುತ್ತಿದ್ದಾಗ ನೀರು ಬಿಡುವವನು ಬಂದ.

"ಬಕ್ರಿ ಪಾಲಾ ಹೈ ಕ್ಯಾ, ಭಾಯ್?"

ಆಡು ಸಾಕಿದ್ದು ಹೌದೆಂದು ದೇಜಪ್ಪ ತಲೆಯಾಡಿಸಿ ಮನೆಗೆ ಓಡಿದ.

ಆಮೇಲೆ ಮಳೆ. ಪೈಪು ಹಿಡಿದು ಪಂಜರಕ್ಕೆ ನೀರು ಚಿಮುಕಿಸಿದರೆ ಗಿಳಿ ಮೂಲೆಗೆ ಸರಿದು ಒದ್ದೆಯಾಗದೆ ಉಳಿಯಿತು. ಕೆಳಗಿನ ಮನೆಯ ಮೈಮುನಾ ಒಣಹಾಕಿದ್ದ ಬೆಡ್‌ಶೀಟ್ ಮಾತ್ರ ತೊಯ್ದು ತೊಪ್ಪೆಯಾಯಿತು. ಅವಳು ಬೆಡ್‌ಶೀಟಿನ ಸಮೇತ ಮೇಲೆ ಬಂದಳು.

"ಎಂತ ದೇಜಪ್ಪಣ್ಣ, ಇಲ್ಲಿ ಮಳೆಗಾಲ ಈಗ ನಿಮ್ಮ ಕೈಯಲ್ಲಿ ಉಂಟಾ?"

ವಿಷಯ ಕೇಳಿದ ಮೇಲೆ ಅವಳ ಕೋಪ ಇಳಿಯಿತು. "ಹಿಂಡಿನ ಹಕ್ಕಿ ಅಂತ ನೀವೇ ಹೇಳ್ತೀರಿ. ಒಂಟಿ ಕೂತು ಅದು ಯಾರ ಹತ್ರ ಮಾತಾಡ್ಬೇಕು ಮಾರಾಯ್ರೆ?" ಎಂದವಳೇ ಹಿಂದೆ ಬರ್ಕಾ ಮಾರುಕಟ್ಟೆಯಲ್ಲಿ ಕೊಂಡಿದ್ದ ಅದೇ ಜಾತಿಯ ತನ್ನ ಹೆಣ್ಣು ಗಿಳಿಯನ್ನು ಕೆಳಗಿನಿಂದ ತಂದು ಪಂಜರದೊಳಗೆ ಬಿಟ್ಟಳು. ವಾರಿಜಾಕ್ಷಿಯೂ ಸುಮ್ಮನಿರಲಿಲ್ಲ. ತೆಂಗಿನಕಾಯಿಗೆ ತೂತು ಕೊರೆದು, ತಿರುಳು ಕೆರೆದು, ಪೊಟರೆಯೆಂದು ನೇತು ಹಾಕಿದಳು.

ಗಂಡು ಗಿಳಿ ಕತ್ತು ಓರೆ ಮಾಡಿ ನೋಡಿತು. ಆಮೇಲೆ ಶುರುವಾದ ಅದರ ಹರಟೆ ನಿಲ್ಲಲೇ ಇಲ್ಲ. ದೇಜಪ್ಪನಿಗೆ ಖುಷಿಯಿಂದ ಕಣ್ಣು ತುಂಬಿತು. ಮೂವರೂ ಒದ್ದೆ ಬಾಲ್ಕನಿಯಲ್ಲೇ ನಿಂತು ಚಾ ಕುಡಿದರು.

ಸಂಜೆ ವಿಮಾನ ನಿಲ್ದಾಣದಿಂದ ನೇರ ಬಂದ ಶರ್ಫುದ್ದೀನ್ ಬಾಗಿಲಲ್ಲೇ ನಿಂತುಬಿಟ್ಟರು.

"ನಮ್ಮಲ್ಲಿ ಇದು ಒಂದು ದಿನವೂ ಹೀಗೆ ಹಾಡಿದ್ದಿಲ್ಲ. ಭಾರಿ ಚಂದ ನೋಡಿಕೊಂಡಿದ್ದೀರಿ ದೇಜಪ್ಪ."

ಅಷ್ಟರಲ್ಲಿ ಹೆಣ್ಣು ಗಿಳಿ ತೆಂಗಿನಕಾಯಿಯ ತೂತಿನಲ್ಲಿ ತಲೆ ತೂರಿಸಿ, ಮೆಲ್ಲಗೆ ಒಳಗಿಳಿದು ಕುಳಿತಿತು. ಸಾಹೇಬರು ದನಿ ತಗ್ಗಿಸಿದರು.

"ಸಂಸಾರ ಹೂಡಿದ ಹಾಗೆ ಉಂಟು. ಈಗ ಪಂಜರ ಅಲ್ಲಾಡಿಸ್ಬಾರ್ದು. ಇಲ್ಲೇ ಇರ್ಲಿ."

"ಸರ್, ನನ್ನ ರಜೆ?"

ಅವರು ದೇಜಪ್ಪನ ಹೆಗಲ ಮೇಲೆ ಪ್ರೀತಿಯಿಂದ ಕೈಯಿಟ್ಟರು. "ಮರಿ ಹಾರಿದ ಕೂಡಲೇ ಹೊರಡಿ. ಅಷ್ಟರಲ್ಲಿ ಇವು ಮತ್ತೆ ಮೊಟ್ಟೆ ಇಡದಿದ್ರೆ."