ಗಾಳಿಗೆ ಬಾಗಿಲು ಹಾಕಿದ ಅಳಿಯ

ನನ್ನ ಮಾವ ವಿರೂಪಾಕ್ಷಪ್ಪನವರು ಮೇಡ್ಲೇರಿಯಿಂದ ನಮ್ಮ ಬ್ಯಾಡಗಿಗೆ ಬಂದರೆ ಮರುದಿನವೇ ಹೊರಟುಬಿಡುತ್ತಾರೆ. ಕಾರಣ ಅಳಿಯನಲ್ಲ, ಮೆಣಸಿನಕಾಯಿ! ಸುಗ್ಗಿಯಲ್ಲಿ ಮೆಣಸಿನಕಾಯಿ ಮಾರ್ಕೆಟ್ಟಿನಿಂದ ಊರಿನ ಗಾಳಿಗೇ ಖಾರ ಹತ್ತಿರುತ್ತದೆ. ನಮಗೆ ರೂಢಿ, ಅವರಿಗೆ ಬಸ್ಸಿಳಿದ ಕೂಡಲೇ ಸೀನು. ಈ ಸಲ ನನ್ನ ಹೆಂಡತಿ ಪ್ರೇಮವ್ವ ಕಡೇ ಮಾತು ಹೇಳಿಬಿಟ್ಟಳು.

"ಅಪ್ಪ ಎಂಟು ದಿನರ ಇರಬೇಕ್ ನೋಡ್ರಿ. ಮರುದಿನಾನ ಹೊಂಟ್ರ ಅವನ ಸಂಗಾಟ ನಾನೂ ಹೊಂಟೆ. ಬ್ಯಾಸಗಿ ಮುಗಿಯೂತನಕ ನೀವ ರೊಟ್ಟಿ ಬಡಕೋರಿ."

ನಾನು ಬಡಿದ ರೊಟ್ಟಿಯನ್ನು ಒಮ್ಮೆ ನಾನೇ ತಿಂದಿದ್ದೇನೆ. ಆ ಧೈರ್ಯ ಇನ್ನೊಮ್ಮೆ ಬರುವುದಿಲ್ಲ. ಆದರೆ ನಾನೇನು ಸಾಮಾನ್ಯನೇ? ಕೋಲ್ಡ್ ಸ್ಟೋರೇಜಿನ ಕಾರಕೂನ! ಹೊರಗಿನ ಗಾಳಿಯನ್ನು ಹೊರಗೇ ನಿಲ್ಲಿಸುವುದು ನಮ್ಮ ಪರಮ ವಿದ್ಯೆ. ಕಿಟಕಿಯ ಸಂದಿಗಳಿಗೆಲ್ಲ ಕಾಗದ ಅಂಟಿಸಿದೆ, ಬಾಗಿಲಡಿಗೆ ಗೋಣಿಚೀಲ ತುರುಕಿದೆ, ಬಚ್ಚಲಿನ ಬೆಳಕಿಂಡಿಯನ್ನೂ ಬಿಡಲಿಲ್ಲ. ಒಗ್ಗರಣೆಯ ಘಾಟು ಹೊರಹಾಕಲು ಅಡುಗೆಮನೆಯ ಗೋಡೆ ಒಡೆಸಿ ಎಕ್ಸಾಸ್ಟ್ ಫ್ಯಾನ್ ಕೂಡಿಸಿದೆ.

"ಒಳಗಿನ ಗಾಳಿ ಹೊರಗ ಹಾಕತೈತಿ, ಖರೇ. ಒಳಗ ಎಲ್ಲಿಂದ ಬರಬೇಕ್ರಿ?" ಎಂದಳು ಪ್ರೇಮವ್ವ.

"ಬರೂದ ಬ್ಯಾಡ ಅಂತನ ಇದೆಲ್ಲಾ!" ಎಂದೆ.

ಮಾವ ಬಂದರು. ನಡುಮನೆಯಲ್ಲಿ ನಿಂತು, ಮೂಗೆತ್ತಿ ಕಾದರು. ಸೀನು ಬರಲಿಲ್ಲ.

"ಅಳಿಯದೇವ್ರ, ನಿಮ್ಮ ತಲಿಗೆ ಶರಣ್ರಿ!" ಎಂದು ಹೊಗಳಿ ಸ್ನಾನಕ್ಕೆ ಹೋದರು. ಬಚ್ಚಲಲ್ಲಿ ನೀರು ಕಾಯಿಸುವ ಬಂಬಿಗೆ ಉರಿ ಹಾಕಿತ್ತು. ಅದರ ಹೊಗೆ ಕೊಳವೆ ಹಿಡಿದು ಮಾಳಿಗೆಯ ಮೇಲೆ ಹೋಗುವುದು ಪದ್ಧತಿ. ಇತ್ತ ಪ್ರೇಮವ್ವ ಒಗ್ಗರಣೆ ಹಾಕಿದಳು, ನಾನು ಠೀವಿಯಿಂದ ಫ್ಯಾನ್ ಹಚ್ಚಿದೆ.

ಸ್ವಲ್ಪ ಹೊತ್ತಿಗೆ ಬಚ್ಚಲಿನಿಂದ ಕೆಮ್ಮು ಕೇಳಿಸಿತು, ಬಾಗಿಲ ಸಂದಿಯಿಂದ ಹೊಗೆ ಬಂತು. ಗಾಳಿಗಾಗಿ ಹಸಿದ ಫ್ಯಾನು ಮನೆಯಲ್ಲಿ ಉಳಿದಿದ್ದ ಒಂದೇ ತೂತಿನಿಂದ, ಅಂದರೆ ಬಂಬಿನ ಕೊಳವೆಯಿಂದ, ಎಳೆದುಕೊಳ್ಳುತ್ತಿತ್ತು. (ಇದು ಆಮೇಲೆ ತಿಳಿದದ್ದು. ಆಗ ನನಗೆ ಹೊಳೆದದ್ದು ಫ್ಯಾನನ್ನು ಇನ್ನೂ ಜೋರು ಮಾಡುವುದು.)

"ಅಳಿಯದೇವ್ರ, ನೀರು ಕಾಸಾಕತ್ತೀರೋ, ನನ್ನ ಸುಡಾಕತ್ತೀರೋ?"

"ಒಂದೀಟ ತಡೀರಿ ಮಾವಾರ, ಫ್ಯಾನ್ ಎಲ್ಲಾ ಎಳದಬಿಡತೈತಿ!"

"ಮೊದಲ ಅದನ್ನ ಬಂದ್ ಮಾಡ್ರಿ!" ಪ್ರೇಮವ್ವ ಕೂಗಿದಳು.

"ಇಂಥಾ ಹೊಗ್ಯಾಗ ಯಾರರ ಫ್ಯಾನ್ ಬಂದ್ ಮಾಡತಾರೇನ?"

ಬಚ್ಚಲ ಬಾಗಿಲು ದಡ್ಡನೆ ತೆರೆಯಿತು. ಟವೆಲ್ ಸುತ್ತಿಕೊಂಡ ಮಾವ ಹೊರಬಿದ್ದರು. ಬಿಳಿ ಮೀಸೆ ಮದುಮಗನ ಮೀಸೆಯಂತೆ ಕರ್ರಗಾಗಿತ್ತು. ಓಡಿಹೋಗಿ ತಲೆಬಾಗಿಲು ತೆರೆದರು. ತೆರೆದದ್ದೇ ತಡ, ಹೊಗೆ ಸುಮ್ಮನೆ ತನ್ನ ಕೊಳವೆ ಏರಿತು. ಬಾಗಿಲಿನಿಂದ ಬ್ಯಾಡಗಿಯ ಗಾಳಿ ಒಳಗೆ ಬಂತು. ಮಾವ ಸೀನುತ್ತಲೇ ಮೈ ತೊಳೆದು, ಸೀನುತ್ತಲೇ ಚೀಲ ತುಂಬಿದರು. ಪ್ರೇಮವ್ವನ ಟ್ರಂಕು ಅಷ್ಟರಲ್ಲಿ ಪಡಸಾಲೆಗೆ ಬಂದಾಗಿತ್ತು. ನನಗೆ ಅಳು ಬಂತು, ಹೊಗೆಯಿಂದ ಎಂದುಕೊಂಡರು.

ಹೊರಡುವಾಗ ಮಾವ ಫ್ಯಾನಿನ ಕಡೆ ನೋಡಿದರು. "ಸಾಮಾನ ಚಲೋ ಐತ್ರಿ. ನಮ್ಮ ಮನ್ಯಾಗ ಖಿಡಕಿ ರಗಡ ಅದಾವ, ಅಲ್ಲಿ ಉಪಯೋಗಕ್ಕ ಬರತೈತಿ."

ಪ್ರೇಮವ್ವ ಸ್ಕ್ರೂಡ್ರೈವರ್ ತಂದು ನನ್ನ ಕೈಗಿಟ್ಟಳು. ನಾನೇ ಬಿಚ್ಚಿದೆ, ಬಸ್ ಸ್ಟ್ಯಾಂಡಿನತನಕ ನಾನೇ ಹೊತ್ತೆ.

ಈಗ ಅಡುಗೆಮನೆಯ ಗೋಡೆಯಲ್ಲಿ ಹಿಟ್ಟು ನಾದುವ ಪರಾತದಷ್ಟು ತೂತಿದೆ. ಬಂಬು ಎಂದೂ ಉರಿಯದಷ್ಟು ಚೆನ್ನಾಗಿ ಉರಿಯುತ್ತದೆ. ನಿನ್ನೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದೆ. ತೂತಿನಿಂದ ಮಾರ್ಕೆಟ್ಟಿನ ಗಾಳಿ ನೆಟ್ಟಗೆ ನನ್ನ ಮೂಗಿಗೇ ಬಂತು. ಹುಟ್ಟಾ ಬ್ಯಾಡಗಿಯವನಾದ ನಾನು, ಪರಾತದ ಹಿಟ್ಟೆಲ್ಲ ಹಾರುವಂತೆ ಸೀನಿದೆ.

ಪಕ್ಕದ ಮನೆಯ ಕರೆವ್ವ ತೂತಿನಲ್ಲಿ ಮುಖ ತೂರಿಸಿ ಕೇಳಿದಳು: "ಮಾವಾರು ಮತ್ತ ಬಂದಾರೇನ್ರಿ?"