ಮೂರನೇ ಕನ್ನಡಿಯ ಬೆರಳಚ್ಚು

ಮೂರನೇ ಕನ್ನಡಿಯ ಮೇಲೆ ಒಂದು ಬೆರಳಚ್ಚು ಕೂತಿತ್ತು.

ಕನ್ನಡಿ ಅಂದರೆ ಮುಖ ನೋಡಿಕೊಳ್ಳುವ ಕನ್ನಡಿಯಲ್ಲ. ವಿಶ್ವವಿದ್ಯಾಲಯದ ಬೆಳಕಿನ ಪ್ರಯೋಗಶಾಲೆಯ ದೊಡ್ಡ ಮೇಜಿನ ಮೇಲೆ ಚಿಕ್ಕ ಚಿಕ್ಕ ಲೋಹದ ಚೌಕಟ್ಟುಗಳಲ್ಲಿ ಕೂರಿಸಿದ, ಬಿಸ್ಕತ್ತಿನಷ್ಟು ಅಗಲದ ಕನ್ನಡಿಗಳಲ್ಲಿ ಒಂದು. ಅವುಗಳ ಮುಖಕ್ಕೆ ಯಾರೂ ಬೆರಳು ತಾಗಿಸುವಂತಿಲ್ಲ. ಇಪ್ಪತ್ತೆರಡು ವರ್ಷದಿಂದ ಅಲ್ಲಿ ಸಹಾಯಕನಾಗಿದ್ದ ಧೂಳಣ್ಣ ಹೆತ್ತ ಮಕ್ಕಳಿಗಿಂತ ಹೆಚ್ಚಾಗಿ ಆ ಕನ್ನಡಿಗಳನ್ನು ಕಾಪಾಡಿಕೊಂಡು ಬಂದಿದ್ದ. ಅವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಒಂದು ಎಳೆ ಧೂಳು ಕಂಡರೂ ಹಾವು ತುಳಿದವನಂತೆ ನೆಗೆಯುತ್ತಿದ್ದುದರಿಂದ ವಿದ್ಯಾರ್ಥಿಗಳು ಹಾಗೆ ಹೆಸರಿಟ್ಟಿದ್ದರು. ಈಗ ಪ್ರೊಫೆಸರೂ ಹಾಗೆಯೇ ಕರೆಯುತ್ತಿದ್ದರು.

ಬೇರೆ ದಿನವಾಗಿದ್ದರೆ ಧೂಳಣ್ಣ ಅಲ್ಲಿ ಆರು ವರ್ಷದಿಂದ ಸಂಶೋಧನೆ ಮಾಡುತ್ತಿದ್ದ ವಿದ್ಯಾರ್ಥಿನಿಗೆ ತೋರಿಸಿ, ನಾಲ್ಕು ಮಾತು ಬೈದು ಸುಮ್ಮನಾಗುತ್ತಿದ್ದ. ಆದರೆ ಅಂದು ಮಧ್ಯಾಹ್ನ ಪ್ರಯೋಗ ನೋಡಲು ಒಬ್ಬ ದೊಡ್ಡ ವಿಜ್ಞಾನಿ ಬರುವವರಿದ್ದರು. ವಿಶ್ವವಿದ್ಯಾಲಯ ಹೊಸದಾಗಿ ಕಟ್ಟಿದ ಬೆಳಕಿನ ಕೇಂದ್ರಕ್ಕೆ ನಿರ್ದೇಶಕರಾಗಿ ನೇಮಕವಾದವರು. ಅವರನ್ನು ಕರೆತರಲು ರೈಲ್ವೆ ನಿಲ್ದಾಣಕ್ಕೆ ಹೊರಟ ಪ್ರೊಫೆಸರು ಬಾಗಿಲಲ್ಲಿ ನಿಂತು, "ಇವತ್ತೊಂದು ದಿನ ಸರಿಯಾಗಿ ಕಳೀಲಿ ಧೂಳಣ್ಣ. ಸಂಜೆ ನಿಮ್ಮ ವರ್ಗಾವಣೆ ಅರ್ಜಿಗೆ ಸಹಿ ಹಾಕ್ತೀನಿ" ಎಂದಿದ್ದರು.

ಆ ಸಹಿಗಾಗಿ ಧೂಳಣ್ಣ ಮೂರು ತಿಂಗಳಿಂದ ಉಸಿರು ಬಿಗಿಹಿಡಿದು ಕಾದಿದ್ದ. ಗ್ರಂಥಾಲಯದ ಓದುವ ಕೋಣೆಯಲ್ಲಿ ಸಹಾಯಕನ ಜಾಗ ಖಾಲಿಯಿತ್ತು. ಆ ಕೋಣೆಗೆ ಏಳು ಕಿಟಕಿ. ಅವನು ಎರಡು ಸಲ ಹೋಗಿ ಎಣಿಸಿ ಬಂದಿದ್ದ. ಪ್ರಯೋಗಶಾಲೆಗೆ ಕಿಟಕಿಯೇ ಇರಲಿಲ್ಲ. ಹೊರಗಿನ ಬೆಳಕು ಒಂದು ಚೂರು ಒಳಬಂದರೂ ಅಲ್ಲಿನ ಯಂತ್ರಗಳಿಗೆ ತಲೆ ಕೆಡುತ್ತಿತ್ತು. ಹೊರಗೆ ಮಳೆಯೋ ಬಿಸಿಲೋ ಎಂಬುದನ್ನು ಧೂಳಣ್ಣ ಮನೆಗೆ ಫೋನ್ ಮಾಡಿ ತಿಳಿದುಕೊಳ್ಳುತ್ತಿದ್ದ. ಹೆಂಡತಿಯಂತೂ, "ನೀವು ದಿನೇ ದಿನೇ ಗೋಣಿಚೀಲದೊಳಗೆ ಮೊಳೆತ ಆಲೂಗಡ್ಡೆ ಥರ ಆಗ್ತಿದೀರಿ" ಎಂದು ನೆಂಟರಿಷ್ಟರ ಮುಂದೆಯೇ ಹೇಳಲು ಶುರುಮಾಡಿದ್ದಳು.

ಹೀಗಿರುವಾಗ ಬೆರಳಚ್ಚು. ನಿರ್ದೇಶಕರು ಬಗ್ಗಿ ನೋಡಿದರೆ ಏನೆಂದುಕೊಂಡಾರು? ಇಪ್ಪತ್ತೆರಡು ವರ್ಷದಿಂದ ಈ ಮನುಷ್ಯ ಇಲ್ಲಿ ಏನು ಕಿಸಿದ ಎಂದುಕೊಳ್ಳುವುದಿಲ್ಲವೇ? ಮೇಜು ಮುಟ್ಟಬಾರದೆಂದು ವಿದ್ಯಾರ್ಥಿನಿ ಬಾಗಿಲಿಗೆ ಕಾಗದ ಅಂಟಿಸಿ ಪ್ರೊಫೆಸರ ಜೊತೆ ಹೋಗಿದ್ದಳು. ಧೂಳಣ್ಣ ಕಾಗದವನ್ನು ಮೂರು ಸಲ ಓದಿದ. ಮುಟ್ಟುವುದು ಬೇರೆ, ಒರೆಸುವುದು ಬೇರೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ. ಕೈಗವಸು ತೊಟ್ಟು, ಮೂರನೇ ಕನ್ನಡಿಯನ್ನು ಚೌಕಟ್ಟಿನಿಂದ ಬಿಡಿಸಿ, ಸ್ಪಿರಿಟ್ ಹಚ್ಚಿದ ತೆಳುಕಾಗದದಿಂದ ಒಂದೇ ಎಳೆತಕ್ಕೆ ಒರೆಸಿ, ಇದ್ದ ಹಾಗೆಯೇ ಕೂರಿಸಿದ.

ಇದ್ದ ಹಾಗೆ ಅನ್ನುವುದು ಆ ಮೇಜಿನ ಮೇಲೆ ಇಲ್ಲವೇ ಇಲ್ಲ.

ಅಲ್ಲಿ ನಡೆಯುತ್ತಿದ್ದ ಪ್ರಯೋಗ ಕೇಳಲು ದೊಡ್ಡದು, ನೋಡಲು ಏನೂ ಇಲ್ಲ. ಲೇಸರಿನ ನೇರಳೆ ಬೆಳಕು ಕನ್ನಡಿಯಿಂದ ಕನ್ನಡಿಗೆ ಹಾರುತ್ತಾ ಹೋಗಿ ಅಕ್ಕಿಕಾಳಿನಷ್ಟು ಹರಳೊಂದನ್ನು ಹೊಗುತ್ತದೆ. ಅಲ್ಲಿ ಕೋಟಿಗೊಂದು ಬೆಳಕಿನ ಕಣ ಒಡೆದು ಅವಳಿಯಾಗುತ್ತದೆ. ಅವಳಿಗಳು ಆಸ್ತಿ ಪಾಲಾದ ಅಣ್ಣತಮ್ಮಂದಿರಂತೆ ಬೇರೆ ಬೇರೆ ದಾರಿ ಹಿಡಿಯುತ್ತವೆ. ಎರಡೂ ದಾರಿಯ ತುದಿಗೆ ಒಂದೊಂದು ಯಂತ್ರ. ಎರಡೂ ಒಂದೇ ಕ್ಷಣದಲ್ಲಿ 'ಬಂತು' ಎಂದರೆ ಅವಳಿ ಸಿಕ್ಕಿತೆಂದು ಕಂಪ್ಯೂಟರ್ ಪರದೆಯ ಮೇಲೆ ಅಂಕಿ ಬೀಳುತ್ತದೆ. ಸೆಕೆಂಡಿಗೆ ಎಂಟುನೂರು ಅವಳಿ. ಅದಕ್ಕಾಗಿ ವಿದ್ಯಾರ್ಥಿನಿ ಮೂರು ವಾರ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತಿರುಪು ತಿರುಗಿಸಿದ್ದಳು.

ಧೂಳಣ್ಣ ಕೋಣೆಯ ದೀಪ ಆರಿಸಿ ಪರದೆ ನೋಡಿದ. ಸೊನ್ನೆ. ಪರದೆಯನ್ನು ಒರೆಸಿ ನೋಡಿದ. ಚೊಕ್ಕಟವಾದ ಸೊನ್ನೆ.

ಆ ಹೊತ್ತಿಗೆ ಪಕ್ಕದ ವರ್ಕ್‌ಶಾಪಿನ ಮೇಸ್ತ್ರಿ ತಾನು ಕೊಟ್ಟಿದ್ದ ಸ್ಪ್ಯಾನರ್ ಕೇಳಿಕೊಂಡು ಒಳಬಂದ. ಬಂದವನು ಧೂಳಣ್ಣನ ಮುಖ ನೋಡಿ ಕಾರಣ ಕೇಳಿದ. ಧೂಳಣ್ಣನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಎಲ್ಲ ಹೇಳಿಬಿಟ್ಟ.

"ಯಾವ ಮೆಷಿನ್ ಕೆಟ್ರೂ ಕಾರಣ ಒಂದೇ ಕಣಯ್ಯಾ" ಎಂದ ಮೇಸ್ತ್ರಿ. "ತಿರುಪು ಸಡಿಲ."

ಹೇಳುತ್ತಲೇ ಮೇಜಿಗೆ ಮೊಣಕೈ ಊರಿದ. ಗಾಳಿ ತುಂಬಿದ ಕಾಲುಗಳ ಮೇಲೆ ತೇಲುವ ಮೇಜು ಅದು. ಬುಸ್ಸೆಂದು ಉಸಿರು ಬಿಟ್ಟಿತು. ಬೆಚ್ಚಿದ ಮೇಸ್ತ್ರಿ ಬೀಳದಂತೆ ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡ. ಸಿಕ್ಕಿದ್ದು ನಾಲ್ಕನೇ ಕನ್ನಡಿ. ಅದು ಕತ್ತು ಉಳುಕಿದವನಂತೆ ಒಂದು ಪಕ್ಕಕ್ಕೆ ತಿರುಗಿಕೊಂಡಿತು. ಮೇಸ್ತ್ರಿ ಸರಿಮಾಡುತ್ತೇನೆಂದು ತಿರುಗಿಸಿ, ಮತ್ತೆಂದೂ ಸಡಿಲವಾಗಬಾರದೆಂದು ತಿರುಪನ್ನು ಬಿಗಿದೂ ಬಿಟ್ಟ. ಈಗ ಬೆಳಕು ಹರಳಿಗಿರಲಿ, ಮೇಜಿನ ಯಾವ ಮೂಲೆಗೆ ಹೋಗುತ್ತಿದೆ ಎಂಬುದೇ ಗೊತ್ತಿಲ್ಲದಂತಾಯಿತು.

ಅದನ್ನು ಹುಡುಕುವ ಮೊದಲು ಧೂಳಣ್ಣ ಗೋಡೆಯ ಮೇಲಿನ ನಿಯಮ ತೋರಿಸಿ ಮೇಸ್ತ್ರಿಗೊಂದು ಕಿತ್ತಳೆ ಬಣ್ಣದ ಕನ್ನಡಕ ಕೊಟ್ಟು ತಾನೂ ಒಂದನ್ನು ಹಾಕಿಕೊಂಡ. ಲೇಸರು ಕಣ್ಣಿಗೆ ಬಿದ್ದರೆ ಕಣ್ಣು ಹೋದಂತೆಯೇ. ಇಬ್ಬರೂ ಒಂದೊಂದು ಬಿಳಿ ರಟ್ಟು ಹಿಡಿದು, ಕತ್ತಲಲ್ಲಿ ಬಿದ್ದ ಸೂಜಿ ಹುಡುಕುವವರಂತೆ ಮೇಜಿನ ಸುತ್ತ ತಡಕಾಡಿದರು. ನಡುವೆ ಉಗ್ರಾಣದ ಅಕ್ಕ ಧೂಳಣ್ಣನ ಸಹಿಗೆ ಚೀಟಿ ತಂದಳು. ಸಹಿ ಹಾಕಿಸಿಕೊಂಡು ಹೋಗಬಹುದಿತ್ತು. ಆದರೆ ಕಟ್ಟಡದಲ್ಲಿ ಎಲ್ಲಿ ಏನು ಕೆಟ್ಟರೂ ಅಲ್ಲಿ ತಾನಿಲ್ಲದಿದ್ದರೆ ಅಕ್ಕನಿಗೆ ಊಟ ಸೇರುತ್ತಿರಲಿಲ್ಲ. ಅವಳೂ ಕನ್ನಡಕ ಏರಿಸಿದಳು.

ಒಂದು ಗಂಟೆ ಕಳೆಯಿತು. ಬಿಳಿ ರಟ್ಟಿನ ಮೇಲೆ ಒಂದು ಚುಕ್ಕಿ ಬೆಳಕೂ ಇಲ್ಲ. ಲೇಸರೇ ಸುಟ್ಟುಹೋಗಿದೆ ಎಂದು ಮೇಸ್ತ್ರಿ ತೀರ್ಪು ಕೊಟ್ಟ. ಧೂಳಣ್ಣನ ಕಣ್ಮುಂದೆ ಏಳು ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಳ್ಳತೊಡಗಿದವು. ನಿಂತೂ ನಿಂತೂ ಸುಸ್ತಾದ ಅಕ್ಕ ಕೈಯಲ್ಲಿದ್ದ ಚೀಟಿಯಿಂದಲೇ ಗಾಳಿ ಹಾಕಿಕೊಳ್ಳತೊಡಗಿದಳು. ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಚೀಟಿ.

"ನನ್ನ ಚೀಟಿ ನೋಡೋ ಧೂಳಣ್ಣ" ಎಂದಳು ಮೆಲ್ಲಗೆ. "ಮಧ್ಯದಲ್ಲಿ ಕೆಂಡ ಇಟ್ಟ ಹಾಗೆ ಹೊಳೀತಿದೆ."

ಆಗ ಧೂಳಣ್ಣನ ತಲೆಯೊಳಗೆ ಬೆಳಕು ಬಿತ್ತು. ಆ ಕನ್ನಡಕ ಇರುವುದೇ ನೇರಳೆ ಬೆಳಕನ್ನು ನುಂಗಲು; ಅದನ್ನು ಹಾಕಿಕೊಂಡು ಬಿಳಿ ರಟ್ಟಿನ ಮೇಲೆ ವರ್ಷವಿಡೀ ಹುಡುಕಿದರೂ ಏನೂ ಕಾಣದು. ಆದರೆ ನೇರಳೆ ಬಿದ್ದರೆ ಆ ಕಾಗದ ತನ್ನದೇ ಕಿತ್ತಳೆ ಬಣ್ಣದಲ್ಲಿ ಉರಿಯುತ್ತದೆ, ಅದು ಕನ್ನಡಕದೊಳಗೂ ಕಾಣುತ್ತದೆ. ಇಂಥವೇ ಕಿತ್ತಳೆ ಚೀಟಿಗಳನ್ನು ವಿದ್ಯಾರ್ಥಿಗಳು ಮೇಜಿನ ಸುತ್ತ ಅಂಟಿಸುತ್ತಿದ್ದರು. ಕಸವೆಂದು ಧೂಳಣ್ಣ ಪ್ರತಿ ಶನಿವಾರ ಕಿತ್ತೆಸೆಯುತ್ತಿದ್ದ. ಸೋಮವಾರ ಅವರು ತುಟಿಪಿಟಕ್ಕೆನ್ನದೆ ಹೊಸ ಚೀಟಿ ಅಂಟಿಸುತ್ತಿದ್ದರು. ಇಪ್ಪತ್ತೆರಡು ವರ್ಷ. ಅವನ ಕಿವಿ ಬಿಸಿಯಾಯಿತು.

ಮೇಸ್ತ್ರಿ ಬಿಗಿದ ತಿರುಪನ್ನು ಸಡಿಲಿಸಿ, ಚೀಟಿ ಹಿಡಿದು ಬೆಳಕನ್ನು ಹರಳಿನವರೆಗೆ ತಂದದ್ದಾಯಿತು. ಆದರೂ ಪರದೆಯ ಮೇಲೆ ಸೊನ್ನೆಯೇ. ಬೇರೆ ದಾರಿಯಿಲ್ಲದೆ ಧೂಳಣ್ಣ ವಿದ್ಯಾರ್ಥಿನಿಗೆ ಫೋನ್ ಮಾಡಿದ.

"ಹೇಳಮ್ಮಾ" ಎಂದಳು ಅವಳು.

ಧೂಳಣ್ಣ ಫೋನನ್ನು ಕಿವಿಯಿಂದ ತೆಗೆದು ನಂಬರ್ ನೋಡಿದ. ಸರಿಯಾಗಿಯೇ ಇತ್ತು. "ನಾನು, ಧೂಳಣ್ಣ."

"ಗೊತ್ತಮ್ಮಾ. ಕಾರಲ್ಲಿದೀನಿ, ಊಟಕ್ಕೆ ಹೊರಟಿದೀವಿ. ಸರ್ ಇದಾರೆ, ನಿರ್ದೇಶಕರೂ ಇದಾರೆ. ಏನಾಯ್ತು?"

ಅವನು ಒಂದೇ ಉಸಿರಿಗೆ ಎಲ್ಲ ಹೇಳಿದ. ಆರು ವರ್ಷದ ದುಡಿಮೆ ಕಣ್ಣೆದುರಿಗೇ ಕರಗುತ್ತಿರುವಾಗಲೂ ಹುಡುಗಿ ಕಿರುಚಲಿಲ್ಲ; ಅದು ದೊಡ್ಡ ಮಾತು.

"ಹೊಲಿಗೆ ಮೆಷಿನ್ ಬಿಚ್ಚಬೇಡ ಅಂತ ಹೇಳಿದ್ನಲ್ಲಮ್ಮಾ" ಎಂದಳು, ಕಾರಿನಲ್ಲಿದ್ದವರಿಗೆ ತಾಯಿಯ ಫೋನೆಂದು ತೋರುವಂತೆ. "ಆಯ್ತು, ಈಗ ಕೇಳು. ಮೂರನೇದರ ತಿರುಪು ಒಂಚೂರು ತಿರುಗಿಸಿ ಕೆಡಿಸು. ಹೂಂ, ಬೇಕಂತಲೇ ಕೆಡಿಸು. ಆಮೇಲೆ ನಾಲ್ಕನೇದರಲ್ಲಿ ಸರಿಮಾಡು. ಮೊದಲಿಗಿಂತ ಚೆನ್ನಾಗಿ ಬಂತಾ, ಅದೇ ಕಡೆ ಹೋಗು. ಕೆಟ್ಟಿತಾ, ವಾಪಸ್ ಬಾ. ಅವಸರ ಮಾಡಬೇಡ. ಊಟ ಮಾಡಿದ್ಯಾ?"

ಕೊನೆಯ ಪ್ರಶ್ನೆಗೂ ಧೂಳಣ್ಣ ಪ್ರಾಮಾಣಿಕವಾಗಿ ಇಲ್ಲ ಎಂದು ಉತ್ತರ ಕೊಟ್ಟ.

ಆಮೇಲಿನ ಒಂದು ಗಂಟೆ ಆ ಕೋಣೆಯಲ್ಲಿ ಯಾರೂ ಸೀನಲಿಲ್ಲ. ಮೇಸ್ತ್ರಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೊರಗಿ ನಿಲ್ಲಬೇಕೆಂದು ಅಕ್ಕ ಆಜ್ಞೆ ಮಾಡಿದಳು. ತಾನು ಪರದೆಯ ಮುಂದೆ ಕೂತು, ಬಸ್ಸಿನ ನಿರ್ವಾಹಕನಂತೆ ಒಂದೇ ರಾಗದಲ್ಲಿ ಅಂಕಿ ಕೂಗತೊಡಗಿದಳು. ಧೂಳಣ್ಣ ಕೆಡಿಸಿದ, ಸರಿಮಾಡಿದ. ಮತ್ತೆ ಕೆಡಿಸಿದ. ಬದುಕಿನಲ್ಲಿ ಒಂದು ವಸ್ತುವನ್ನೂ ಬೇಕೆಂದು ಕೆಡಿಸದಿದ್ದವನು ಪ್ರತಿ ಸಲವೂ ಕನ್ನಡಿಯ ಕ್ಷಮೆ ಕೇಳಿಯೇ ತಿರುಪು ಮುಟ್ಟುತ್ತಿದ್ದ. ಸೊನ್ನೆ, ಸೊನ್ನೆ, ನಾಲ್ಕು. ನಾಲ್ಕು ಕೇಳಿದಾಗ ಮೂವರೂ ಹೆರಿಗೆ ಕೋಣೆಯ ಹೊರಗೆ ನಿಂತವರಂತೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹನ್ನೊಂದು. ಅರವತ್ತು. ಆರು. ವಾಪಸ್ ಬಂದ. ನೂರ ಎಂಬತ್ತು. ಬೆರಳು ತಾನಾಗಿಯೇ ಕಲಿಯತೊಡಗಿತು. ಧೂಳಿನ ಕಣವನ್ನು ಸೋಕದಂತೆ ಎತ್ತುವ ಬೆರಳಲ್ಲವೇ? ಐನೂರು. ಎಂಟುನೂರ ಹತ್ತು. ಒಂಬೈನೂರ ನಲವತ್ತು.

"ಸಾಕು ನಿಲ್ಲಿಸು" ಎಂದಳು ಅಕ್ಕ.

ಅದೇ ಕ್ಷಣಕ್ಕೆ ಹೊರಗಿನ ಬಾಗಿಲಲ್ಲಿ ಹೆಜ್ಜೆ ಸದ್ದಾಯಿತು. ಅಡಗಲು ಜಾಗವಿರಲಿಲ್ಲ. ಪ್ರೊಫೆಸರು, ನಿರ್ದೇಶಕರು ಮತ್ತು ಸುಣ್ಣ ಬಳಿದಂಥ ಮುಖದ ವಿದ್ಯಾರ್ಥಿನಿ ಬಾಗಿಲಿನ ದಪ್ಪ ಕಪ್ಪು ಬಟ್ಟೆ ಸರಿಸಿ ಒಳಬಂದಾಗ, ಕಿತ್ತಳೆ ಕನ್ನಡಕದ ಮೂವರು ಕೆರೆದಂಡೆಯ ಕಪ್ಪೆಗಳಂತೆ ಸಾಲಾಗಿ ನಿಂತಿದ್ದರು. ವಿದ್ಯಾರ್ಥಿನಿ ಮೊದಲು ಪರದೆ ನೋಡಿದಳು. ಆಮೇಲೆ ಧೂಳಣ್ಣನನ್ನು ನೋಡಿದಳು. ಆಮೇಲೆ ಸ್ಟೂಲು ಎಳೆದುಕೊಂಡು ಕೂತುಬಿಟ್ಟಳು.

ನಿರ್ದೇಶಕರು ಮೇಜಿನ ಸುತ್ತ ಒಂದು ಸುತ್ತು ಬಂದರು. ಒಂಬೈನೂರ ನಲವತ್ತನ್ನು ನೋಡಿ ತಲೆದೂಗಿ, ಪ್ರಯೋಗ ಬಹಳ ಸೊಗಸಾಗಿದೆ ಎಂದರು. ಪ್ರೊಫೆಸರು ಉಬ್ಬಿಹೋದರು. ಎಲ್ಲ ಮುಗಿಯಿತೆಂದು ಧೂಳಣ್ಣ ಉಸಿರು ಬಿಡುವಷ್ಟರಲ್ಲಿ ನಿರ್ದೇಶಕರು ತಿರುಗಿ ನಿಂತರು.

"ಇಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡಿರೋ ಅಮ್ಮ ಯಾರು?"

ಮೇಸ್ತ್ರಿಯ ಕಣ್ಣು ಧೂಳಣ್ಣನ ಕಡೆ ಹೊರಳಿತು. ಅಷ್ಟು ಸಾಕಾಯಿತು.

"ನಲವತ್ತು ವರ್ಷದಿಂದ ಕನ್ನಡಿ ತಿರುಗಿಸ್ತಿದೀನಿ" ಎಂದರು ನಿರ್ದೇಶಕರು. "ಒಂದರಲ್ಲಿ ಕೆಡಿಸಿ ಇನ್ನೊಂದರಲ್ಲಿ ಸರಿಮಾಡೋ ಹೊಲಿಗೆ ಮೆಷಿನ್ ಈ ಭೂಮಿ ಮೇಲಿಲ್ಲ. ಎಷ್ಟು ಹೊತ್ತು ಹಿಡೀತು?"

"ಒಂದು ಗಂಟೆ ಸಾರ್" ಎಂದ ಧೂಳಣ್ಣ. ತಪ್ಪಾಯಿತು, ಬೆರಳಚ್ಚಿತ್ತು, ಕಾಗದ ಓದಿಯೂ ಮುಟ್ಟಿದೆ, ಮೇಸ್ತ್ರಿಯದೇನೂ ತಪ್ಪಿಲ್ಲ ಎಂದು ಒಂದೊಂದಾಗಿ ಒಪ್ಪಿಕೊಂಡ. ಪ್ರೊಫೆಸರ ಮುಖ ಕೆಂಪಾಗಿ, ಬಿಳುಪಾಗಿ, ಮತ್ತೆ ಕೆಂಪಾಯಿತು.

"ನನ್ನ ವಿದ್ಯಾರ್ಥಿಗಳಿಗೆ ಇದಕ್ಕೆ ಎರಡು ವಾರ ಬೇಕು" ಎಂದು ನಿರ್ದೇಶಕರು ಪ್ರೊಫೆಸರ ಕಡೆ ತಿರುಗಿದರು. "ಇವರನ್ನು ನನ್ನ ಕೇಂದ್ರಕ್ಕೆ ಕೊಡ್ತೀರಾ?"

ಇಲ್ಲವೆಂದರೆ ಇಂದು ಪ್ರಯೋಗ ಕೆಟ್ಟ ಸಂಗತಿ ಎಲ್ಲಿಗೆ ಹೋಗಿ ನಿಲ್ಲುತ್ತದೋ ಎಂದು ಪ್ರೊಫೆಸರು ಒಂದು ಕ್ಷಣ ಲೆಕ್ಕ ಹಾಕಿದರು. "ಅವರೇ ವರ್ಗಾವಣೆ ಕೇಳಿದಾರೆ" ಎನ್ನುತ್ತಾ ಜೇಬಿನಿಂದ ಅರ್ಜಿ ತೆಗೆದರು.

ಧೂಳಣ್ಣ ತನ್ನ ಬೇಡಿಕೆ ಓದುವ ಕೋಣೆಯದೆಂದು ಹೇಳಲು ಬಾಯಿ ತೆರೆದ. ಆದರೆ ಅರ್ಜಿಯಲ್ಲಿ ಹಾಗೆ ಇರಲಿಲ್ಲ. ಇಂಥದೇ ಜಾಗ ಬೇಕೆಂದು ಬರೆದರೆ ಅಧಿಕಪ್ರಸಂಗವಾದೀತೆಂದು ಹೆದರಿ, ನಾಲ್ಕು ಕರಡು ಹರಿದುಹಾಕಿ, ಕೊನೆಗೆ 'ತಮಗೆ ಸೂಕ್ತವೆಂದು ತೋರಿದ ವಿಭಾಗಕ್ಕೆ' ಎಂದು ಅವನೇ ದುಂಡಗೆ ಬರೆದಿದ್ದ. ಪ್ರೊಫೆಸರು ಅದನ್ನು ಗಟ್ಟಿಯಾಗಿ ಓದಿ, ಗೋಡೆಗಿಟ್ಟು ಸಹಿ ಹಾಕಿದರು.

ಆಮೇಲೆ ಅವನಿಗೆ ಹೊಸ ಕಟ್ಟಡದ ನೆನಪಾಗಿ ಮನಸ್ಸು ಸ್ವಲ್ಪ ಹಗುರಾಯಿತು. ಆಟದ ಮೈದಾನದ ಆಚೆ ನಿಂತಿತ್ತಲ್ಲ, ಆರು ಅಂತಸ್ತು, ನಾಲ್ಕೂ ಕಡೆ ಗಾಜು. ಏಳು ಕಿಟಕಿ ಯಾವ ಮೂಲೆಗೆ? ಅಲ್ಲಿ ಗೋಡೆಯೇ ಕಿಟಕಿ.

"ನನ್ನ ಕೆಲಸ ಎಷ್ಟನೇ ಮಹಡಿಯಲ್ಲಿ ಸಾರ್?" ಎಂದು ಕೇಳಿದ.

"ಮಹಡಿ ಮೇಲೆ ಆಫೀಸು, ಕಾಫಿ ಕುಡಿಯೋ ಜಾಗ" ಎಂದರು ನಿರ್ದೇಶಕರು. "ಪ್ರಯೋಗ ನೆಲದಡಿಯಲ್ಲಿ, ಎರಡು ಅಂತಸ್ತು ಕೆಳಗೆ. ಮೇಲಿದ್ರೆ ರಸ್ತೇಲಿ ಲಾರಿ ಹೋದ್ರೂ ಕನ್ನಡಿ ಅಲುಗುತ್ತೆ."

"ಅಲ್ಲಿ ಕಿಟಕಿ ಗಿಟಕಿ…"

"ಕಿಟಕಿ ಯಾಕಪ್ಪಾ? ಧೂಳು ಬರುತ್ತೆ."

ಇದಕ್ಕೆ ಎದುರಾಡಲು ಧೂಳಣ್ಣನಿಂದ ಸಾಧ್ಯವೇ ಇರಲಿಲ್ಲ. ಮಾತು ಅಷ್ಟು ಸರಿಯಾಗಿತ್ತು. ಅವನು ಹೌದೆಂದು ತಲೆಯಾಡಿಸಿದ.

"ಒಟ್ಟು ಎಷ್ಟು ಕನ್ನಡಿ ಇವೆ ಸಾರ್?" ಎಂದು ಕೇಳಿದ.

"ಮುನ್ನೂರ ಹನ್ನೆರಡು" ಎಂದರು ನಿರ್ದೇಶಕರು. "ಒಂದಕ್ಕೂ ಇನ್ನೂ ಯಾರ ಕೈಯೂ ತಾಗಿಲ್ಲ."

ಧೂಳಣ್ಣನ ಮುಖ, ಬೇಡಬೇಡವೆಂದರೂ ಕೇಳದೆ, ಅರಳಿತು.