ಗುಲಾಬಿಗೊಂದು ಉತ್ತಮ ದರ್ಜೆಯ ಟೇಪು

"ಕೈಯಲ್ಲಿ ಹಿಡಿದರೇ ಗೊತ್ತಾಗುತ್ತೆ ನೋಡಿ, ಹೂವಿನ ಹಾಗೆ ಹಗುರ. ಒಳ್ಳೆ ಮಾಲು ಅಂದರೆ ಇದು," ಎಂದು ವೀಡಿಯೋ ಕ್ಯಾಸೆಟ್ಟೊಂದನ್ನು ಎತ್ತಿ ಹಿಡಿದು ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವಂತೆ ತೀರ್ಪಿತ್ತರು ನಮ್ಮ ಗುಮಾಸ್ತರು.

"ಅದು ಖಾಲಿ ಡಬ್ಬ ಸಾರ್. ಶೋಕೇಸಿಗೆ ಇಟ್ಟಿದ್ದು," ಎಂದ ಅಂಗಡಿಯವನು.

ಗುಮಾಸ್ತರ ಕಿವಿ ಕೆಂಪಾಯಿತು. ಆದರೆ ಹಿಮ್ಮೆಟ್ಟುವ ಹೊತ್ತು ಅದಲ್ಲ. ಆ ಸಂಜೆ ಅವರ ಹೆಂಡತಿ ಟೀವಿಯಲ್ಲಿ ಕುಂಡದಲ್ಲಿ ಗುಲಾಬಿ ಬೆಳೆಸುವ ಬಗ್ಗೆ ಮಾತನಾಡುವವರಿದ್ದರು. ನೇರ ಪ್ರಸಾರ, ಊರೆಲ್ಲ ನೋಡುವುದನ್ನು ಆಕೆಗೆ ಮಾತ್ರ ನೋಡಲಾಗದು. "ವಿಸಿಆರ್‌ನಲ್ಲಿ ಟೇಪಿಗೆ ತುಂಬಿಸಿಟ್ಟರೆ ನಾನೂ ನನ್ನ ಮುಖ ನೋಡ್ಕೋತೀನಿ. ಇದೊಂದಾದರೂ ನೆಟ್ಟಗೆ ಮಾಡಿ," ಎಂದು ಹೇಳಿ ಸ್ಟುಡಿಯೋಗೆ ಹೋಗಿದ್ದರು. ('ಇದೊಂದಾದರೂ' ಎಂಬಲ್ಲಿ ಅವರ ದಾಂಪತ್ಯದ ಸಮಗ್ರ ವಿಮರ್ಶೆ ಅಡಗಿತ್ತು.)

ಅಗ್ಗದ ಟೇಪು ಪುಡಿ ಉದುರಿಸುತ್ತದೆ, ಚಿತ್ರದ ತುಂಬ ಇರುವೆ ಹರಿದಂತೆ ಕಾಣುತ್ತದೆ ಎಂದು ಕಚೇರಿಯ ಪಂಡಿತರೊಬ್ಬರು ಎಚ್ಚರಿಸಿದ್ದರು. ಹೆಂಡತಿಯ ಮುಖದ ಮೇಲೆ ಇರುವೆಯೇ? ಗುಮಾಸ್ತರು ಒಂದೊಂದೇ ಕ್ಯಾಸೆಟ್ಟಿನ ಮುಚ್ಚಳ ಎತ್ತಿ, ಒಳಗಿನ ಕಪ್ಪು ರಿಬ್ಬನ್ನಿನಲ್ಲಿ ತಮ್ಮ ಮೀಸೆ ಸ್ಪಷ್ಟವಾಗಿ ಕಂಡಿದ್ದನ್ನೇ ಆರಿಸಿದರು. ಮನೆಗೆ ಬಂದವರೇ ಹಳೆಯ ಟೇಪುಗಳನ್ನೆಲ್ಲ 'ಕಳಪೆ' ಎಂದು ಅಕ್ಕಪಕ್ಕದವರಿಗೆ ದಾನ ಮಾಡಿದರು.

ಉಳಿದದ್ದು ಒಂದೇ ಗಂಡಾಂತರ: ಭಾಮೈದ. ಈ ಮಹಾಶಯ ಹಿಂದೊಮ್ಮೆ ಅಕ್ಕನ ಮದುವೆಯ ಟೇಪಿನ ಮೇಲೆಯೇ ಫುಟ್‌ಬಾಲ್ ಆಟ ತುಂಬಿಸಿದ್ದ. ಈಗಲೂ ಅದರಲ್ಲಿ ಮದುಮಗ ನಾಚಿ ತಲೆ ತಗ್ಗಿಸಿದ ಮರುಕ್ಷಣ ಗೋಲು ಬೀಳುತ್ತದೆ. ಕ್ಯಾಸೆಟ್ಟಿನ ಬೆನ್ನಿನ ಮೂಲೆಯಲ್ಲಿ ಉಗುರಿನಷ್ಟು ಪ್ಲಾಸ್ಟಿಕ್ ಇರುತ್ತದೆ, ಅದನ್ನು ಮುರಿದರೆ ಮತ್ತೇನೂ ತುಂಬಿಸಲಾಗದು ಎಂದೂ ಪಂಡಿತರು ಹೇಳಿದ್ದರಲ್ಲ. ಭಾಮೈದ ಬರುವ ಮೊದಲೇ ಗುಮಾಸ್ತರು ಅದನ್ನು ಚಟಕ್ಕನೆ ಮುರಿದು, ಕೋಟೆ ಗೆದ್ದವರಂತೆ ಕಾಲು ಚಾಚಿ ಕೂತರು.

ಪರದೆಯ ಮೇಲೆ ಹೆಂಡತಿ ಮುಗುಳ್ನಕ್ಕರು. ಗುಮಾಸ್ತರು ಕ್ಯಾಸೆಟ್ಟನ್ನು ವಿಸಿಆರ್‌ನೊಳಗೆ ತಳ್ಳಿದರು. ರೆಕಾರ್ಡ್ ಗುಂಡಿ ಒತ್ತಿದರು. ಕ್ಯಾಸೆಟ್ ಹೊರಗೆ ಬಂತು. ತಳ್ಳಿ ಮತ್ತೆ ಒತ್ತಿದರು. ಮತ್ತೆ ಬಂತು.

"ಭಾವ, ಅದು ಒಲ್ಲೆ ಅಂತಿದೆ," ಎಂದ ಆಗಷ್ಟೇ ಬಂದಿದ್ದ ಭಾಮೈದ, ಕೂತಲ್ಲಿಂದಲೇ.

"ಸುಮ್ಮನಿರಯ್ಯ. ಉತ್ತಮ ದರ್ಜೆಯದು, ಸ್ವಲ್ಪ ಬಿಗುಮಾನ ಇರುತ್ತೆ."

ಭಾಮೈದ ಎದ್ದು ಬಂದು ಕ್ಯಾಸೆಟ್ಟನ್ನು ತಿರುಗಿಸಿ ನೋಡಿದ. "ಭಾವ, ಇದನ್ನ ಮುರಿಯೋದು ತುಂಬಿಸಿದ ಮೇಲೆ."

ಗುಮಾಸ್ತರು ದಾನ ಕೊಟ್ಟದ್ದನ್ನು ಬೇಡಲು ಪಕ್ಕದ ಮನೆಗೆ ಓಡಿದರು. ಅಲ್ಲಿ ಎಲ್ಲರೂ ಟೀವಿಯ ಮುಂದೆ ಮೈಮರೆತಿದ್ದರು. ಯಾರಿಗೂ ಕದ ತಟ್ಟಿದ್ದು ಕೇಳಿಸಲಿಲ್ಲ. ಬರಿಗೈಲಿ ಹಿಂದಿರುಗಿದಾಗ ಪರದೆಯ ಮೇಲೆ ಹವಾಮಾನ ವರದಿ ಬರುತ್ತಿತ್ತು.

ಗಂಟೆ ಕಳೆಯುವಷ್ಟರಲ್ಲಿ ಹೆಂಡತಿ ಬಂದರು, ಮುಖದ ಪೌಡರ್ ಸಹ ಒರೆಸಿಕೊಳ್ಳದೆ. ಚಪ್ಪಲಿ ಬಿಡುತ್ತ ಮೊದಲು ತಮ್ಮನನ್ನು ದುರುಗುಟ್ಟಿ ನೋಡಿದರು. ಆಮೇಲೆ ಗಂಡನ ಕಡೆ ತಿರುಗಿದರು.

"ರೀ, ಇವನು ಅದರ ಮೇಲೂ ಆಟ ಗೀಟ ತುಂಬಿಸಿಬಿಡಲ್ಲ ತಾನೇ?"

"ಸಾಧ್ಯವೇ ಇಲ್ಲ ಕಣೇ," ಎಂದರು ಗುಮಾಸ್ತರು. "ಅದರ ಮೇಲೆ ಯಾರಿಂದಲೂ ಏನೂ ತುಂಬಿಸೋಕಾಗಲ್ಲ. ನಾನೇ ಪ್ರಯತ್ನಪಟ್ಟು ನೋಡಿದೀನಿ."